ಈ ಸಲ ಬ್ಯಾನರ್ ಬೇಡ ಅಣ್ಣ

ವಾಟ್ಸಾಪ್ ಗುಂಪು: ಅಜ್ಜಿಮನೆ, ಲಷ್ಕರ್ ಮೊಹಲ್ಲಾ, ಮೈಸೂರು

ಅಣ್ಣ, ಬೆಂಗಳೂರು: (ಫೋಟೊ) ಇದು ನಮ್ಮ ಆಫೀಸಿನವರು ಹೋದ ವರ್ಷ ಕ್ರಿಸ್‌ಮಸ್‌ಗೆ ಮಾಡಿದ್ದು. ನೂರು ಜನಕ್ಕೆ ಕಂಬಳಿ, ಕೇಕು. ಈ ವರ್ಷ ನಮ್ಮ ಮನೆಯಿಂದಲೂ ಮಾಡೋಣ. ಮನೆಗೆ ಎರಡು ಸಾವಿರ ಹಾಕಿದರೆ ಸಾಕು. 24ರ ರಾತ್ರಿ ಬಲಿಪೂಜೆಗೆ ಹೇಗೂ ಎಲ್ಲರೂ ಫಿಲೋಮಿನಾ ಚರ್ಚಿಗೆ ಬರುತ್ತೀರಿ. ಮುಗಿದ ಮೇಲೆ ಅಲ್ಲೇ ಹೊರಗೆ ಹಂಚೋಣ. ಅಪ್ಪನ ಹೆಸರಲ್ಲಿ ಒಂದು ಬ್ಯಾನರ್ ಮಾಡಿಸುತ್ತೇನೆ.

ಚಿಕ್ಕಪ್ಪ: ಒಳ್ಳೆ ಯೋಚನೆ ಕಣೋ. ನನ್ನದು ಐದು ಸಾವಿರ ಬರೆದುಕೋ.

ತಂಗಿ, ಕುವೈತ್: ನಾನೂ ಕೊಡುತ್ತೇನೆ. ಯಾವ ನಂಬರಿಗೆ ಹಾಕಬೇಕು ಹೇಳು.

ನಾನು: ಅಣ್ಣ, ಆ ಫೋಟೊ ಒಂದು ಸಲ ದೊಡ್ಡದು ಮಾಡಿ ನೋಡು. ಒಂದು ಕಂಬಳಿಗೆ ಏಳೆಂಟು ಕೈ. ಎಲ್ಲರ ಕಣ್ಣೂ ಕ್ಯಾಮೆರಾ ಮೇಲೆ. ಆ ಅಜ್ಜಿ ಮಾತ್ರ ಸೆರಗು ಎಳೆದು ಬಾಯಿ ಮುಚ್ಚಿಕೊಂಡಿದ್ದಾರೆ. ಅವರಿಗೂ ಮಕ್ಕಳು, ಮೊಮ್ಮಕ್ಕಳು ಇರಬಹುದು. ಅವರ ಫೋನಿಗೂ ಈ ಫೋಟೊ ಹೋಗಿರಬಹುದು. ಅಪ್ಪನ ಹೆಸರು ಹಾಕಿ ಇಂಥದ್ದು ಮಾಡುವುದು ನನಗೆ ಇಷ್ಟವಿಲ್ಲ.

ಅಣ್ಣ: ಈ ಫೋಟೊ ನೋಡಿಯೇ ಆಮೇಲೆ ಇನ್ನೂ ಎಷ್ಟೋ ಜನ ದುಡ್ಡು ಕೊಟ್ಟರು. ಕೊಟ್ಟವರಿಗೆ ತಮ್ಮ ದುಡ್ಡು ಎಲ್ಲಿಗೆ ಹೋಯಿತು ಅಂತ ಗೊತ್ತಾಗಬೇಕು ಅಲ್ವಾ?

ನಾನು: ಗೊತ್ತಾಗಬೇಕು. ಅಂಗಡಿ ಬಿಲ್ಲು ಹಾಕು, ಕಂಬಳಿ ಮೂಟೆಯ ಫೋಟೊ ಹಾಕು. ಲೆಕ್ಕ ತೋರಿಸುವುದಕ್ಕೆ ಬಡವರ ಮುಖ ಯಾಕೆ ಬೇಕು?

ಚಿಕ್ಕಪ್ಪ: ಮಗಳೇ, ನಿಮ್ಮಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ. ನಾಲ್ಕು ಜನಕ್ಕೆ ಅವನ ಹೆಸರು ನೆನಪಿರಲಿ ಅಂತ ಮಗ ಆಸೆಪಟ್ಟರೆ ತಪ್ಪೇನಮ್ಮ?

ನಾನು: ಆಸೆ ತಪ್ಪಲ್ಲ ಚಿಕ್ಕಪ್ಪ. ಆದರೆ ಅಪ್ಪ ಹೇಗಿದ್ದರು ಅಂತ ನನಗಿಂತ ನಿಮಗೇ ಜಾಸ್ತಿ ಗೊತ್ತು. ಬಡವರಿಗೆ ನೆರವಾಗುವ ವಿನ್ಸೆಂಟ್ ದೆ ಪೌಲ್ ಸಭೆಯಲ್ಲಿದ್ದರು. ಭಾನುವಾರ ಪೂಜೆ ಮುಗಿಸಿ ಜೊತೆಗೊಬ್ಬರನ್ನು ಕರೆದುಕೊಂಡು ಸೈಕಲ್ ಮೇಲೆ ಹೋಗುತ್ತಿದ್ದರು. ಯಾರ ಮನೆಗೆ, ಏನು ಕೊಟ್ಟರು ಅಂತ ಅಮ್ಮನ ಹತ್ತಿರವೂ ಹೇಳುತ್ತಿರಲಿಲ್ಲ. ಆ ಸಭೆ ಹುಟ್ಟಿದ್ದೇ ಹಾಗೆ. 1833ರಲ್ಲಿ, ಪ್ಯಾರಿಸ್ಸಿನಲ್ಲಿ, ಫ್ರೆಡೆರಿಕ್ ಓಜನಾಂ ಅನ್ನುವ 20 ವರ್ಷದ ವಿದ್ಯಾರ್ಥಿಯಿಂದ. ಒಂದು ಚರ್ಚೆಯಲ್ಲಿ ಎದುರಿನವರು ಅವನನ್ನು ಕೇಳಿದರು, ನಿಮ್ಮ ಚರ್ಚಿನವರು ಹಿಂದೆ ಮಾಡಿದ್ದು ಸರಿ, ಈಗ ಬಡವರಿಗೆ ಏನು ಮಾಡುತ್ತಿದ್ದೀರಿ ಅಂತ. ಅವನೂ ಗೆಳೆಯರೂ ವಾದ ಬಿಟ್ಟು ಸಿಸ್ಟರ್ ರೊಸಾಲಿ ಅನ್ನುವವರ ಹತ್ತಿರ ಹೋದರು. ಅವರು ಬಡವರ ಮನೆಗಳ ದಾರಿ ತೋರಿಸಿದರು. ಹುಡುಗರು ಮನೆಮನೆಗೆ ಹೋದರು. ಇವತ್ತಿಗೂ ಸಭೆಯವರು ಮನೆಗೇ ಹೋಗುತ್ತಾರೆ, ಕೂತು ಮಾತಾಡಿಸಿ ಬರುತ್ತಾರೆ. ಅಪ್ಪ ಕಲಿತದ್ದು ಅದನ್ನು.

ತಮ್ಮನ ಮಗ: ಅತ್ತೆ, ಸಂತ ನಿಕೋಲಾಸರ ಕಥೆಯೂ ಹೀಗೇ ಇದೆ ಅಲ್ವಾ? ಈಗಿನ ಟರ್ಕಿಯಲ್ಲಿರುವ ಮೀರಾ ಅನ್ನುವ ಊರಿನ ಬಿಷಪ್. ಮೂರು ಹೆಣ್ಣುಮಕ್ಕಳ ಮದುವೆಗೆ ದುಡ್ಡಿಲ್ಲದ ಮನೆಯೊಳಗೆ ರಾತ್ರಿ ಹೊತ್ತು ಹಣದ ಗಂಟು ಎಸೆದು, ಯಾರಿಗೂ ಕಾಣದ ಹಾಗೆ ಹೋದರಂತೆ. ಕ್ರಿಸ್‌ಮಸ್ ತಾತ ಬಂದದ್ದೇ ಅವರಿಂದ.

ಅಣ್ಣ: ಕಥೆ ನನಗೂ ಗೊತ್ತಪ್ಪ. ಮೈಸೂರಲ್ಲಿ ಡಿಸೆಂಬರ್ ಚಳಿ ಹೇಗಿರುತ್ತದೆ ಅಂತಲೂ ಗೊತ್ತು. ಹೊರಗೆ ಮಲಗಿದವನಿಗೆ ಕಂಬಳಿ ಬೇಕೋ ಬೇಡವೋ? ಅದನ್ನು ಹೇಳಿ.

ನಾನು: ಬೇಕು. ಆ ವಿಷಯದಲ್ಲಿ ನಿನ್ನ ಮಾತು ಸರಿ. ಆದರೆ ಜಾಗ ಚರ್ಚ್ ಮುಂದೆ ಅಲ್ಲ. ಅವತ್ತು ಗೋದಲಿ ನೋಡಲು ಊರಿಗೆ ಊರೇ ಬರುತ್ತದೆ. ಹಂಚುವವರೂ ಅಲ್ಲೇ ಸೇರುತ್ತಾರೆ. ಒಬ್ಬರಿಗೇ ಮೂರು ಮೂರು ಕಂಬಳಿ ಸಿಗುತ್ತದೆ. ನೀನು ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ ಕಡೆ ರಾತ್ರಿ ಹತ್ತರ ಮೇಲೆ ಬಾ. ಎಚ್.ಡಿ. ಕೋಟೆ, ಚಾಮರಾಜನಗರ, ಮಳವಳ್ಳಿ ಕಡೆಯಿಂದ ರೋಗಿಗಳ ಜೊತೆ ಬಂದವರು ಹೊರಗೆ ರಟ್ಟು ಹಾಸಿಕೊಂಡು ಮಲಗಿರುತ್ತಾರೆ. ಮಗಳನ್ನು ಹೆರಿಗೆಗೆ ಸೇರಿಸಿ, ತಾಯಿ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಾಳೆ. ಛತ್ರದಲ್ಲಿ ಜಾಗ ಸಿಗದೆ ಮರಿಯಮ್ಮ ಗೋದಲಿಯಲ್ಲಿ ಯೇಸುವನ್ನು ಹೆತ್ತದ್ದನ್ನು ನಾವು ಗೊಂಬೆ ಇಟ್ಟು ತೋರಿಸುತ್ತೇವಲ್ಲ, ಆ ತಾಯಿಯ ಕಷ್ಟವೂ ಅದೇ. ಅಲ್ಲಿ ಕಂಬಳಿ ಕೊಡೋಣ. ಇಬ್ಬರು ಹೋದರೆ ಸಾಕು. ಮಲಗಿದವರನ್ನು ಎಬ್ಬಿಸುವುದು ಬೇಡ, ಪಕ್ಕದಲ್ಲಿಟ್ಟು ಬರೋಣ.

ಅಣ್ಣ: ಇದನ್ನು ಮೊದಲೇ ಹೇಳಬಾರದಾ? ಆಯಿತು, ಆಸ್ಪತ್ರೆ ಹತ್ತಿರವೇ ಮಾಡೋಣ.

ನಾನು: ಇನ್ನೂ ಇದೆ, ಉದ್ದ ಆದರೂ ಓದು. ನಮ್ಮ ಹಿಂದಿನ ಬೀದಿಯಲ್ಲಿ ಪಾತ್ರೆ ತೊಳೆಯಲು ಬರುತ್ತಿದ್ದ ಅಜ್ಜಿ ಗೊತ್ತಲ್ಲ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಟ್ರಂಕ್ ತೆಗೆದು ತೋರಿಸಿದರು. ಹೊದಿಕೆಗಳು ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಇವೆ. ಪ್ರತಿ ಕ್ರಿಸ್‌ಮಸ್‌ಗೂ ಯಾರಾದರೂ ಕೊಡುತ್ತಾರಂತೆ. ಅವರಿಗೆ ನಿಜವಾಗಿ ಬೇಕಾದ್ದು ಸಂಧ್ಯಾ ಸುರಕ್ಷಾ ದುಡ್ಡು. 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದಲ್ಲ, ಅದು. ಆಧಾರ್ ಗುರುತಿಗೆ ಬೆರಳು ಇಟ್ಟರೆ ಮೆಷಿನ್ ತೆಗೆದುಕೊಳ್ಳುತ್ತಿಲ್ಲ. ಜೀವನಪೂರ್ತಿ ಬೂದಿ, ಸೋಪು ಹಾಕಿ ಪಾತ್ರೆ ತಿಕ್ಕಿದ ಕೈ. ಬೆರಳಿನ ಗೆರೆಯೇ ಸವೆದುಹೋಗಿದೆ. ನಾನು ಹಿಡಿದು ನೋಡಿದೆ, ಮಗುವಿನ ಕೆನ್ನೆ ಹಾಗೆ ನುಣ್ಣಗಿತ್ತು. ಒಂದು ಕಚೇರಿಯವರು ಇನ್ನೊಂದು ಕಡೆ ಹೋಗಿ ಅನ್ನುತ್ತಾರೆ. ಆಟೊಗೆ ದುಡ್ಡಿಲ್ಲ, ಜೊತೆಗೆ ಜನ ಇಲ್ಲ. ಯಾರಾದರೂ ಅರ್ಧ ದಿನ ಬಿಡುವು ಮಾಡಿಕೊಂಡು ಅವರನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು. ಬೆರಳು, ಕಣ್ಣು ಎರಡನ್ನೂ ಹೊಸದಾಗಿ ಕೊಡಿಸಬೇಕು. ಆಮೇಲೆ ಬ್ಯಾಂಕಿಗೂ ಹೋಗಬೇಕು. ಇದಕ್ಕೆ ನೂರು ಕಂಬಳಿಯ ದುಡ್ಡೇನೂ ಬೇಡ.

ತಮ್ಮನ ಮಗ: ನನಗೆ ಪರೀಕ್ಷೆ ಮುಗಿಯುತ್ತದೆ ಅತ್ತೆ. ನಾನು ಕರೆದುಕೊಂಡು ಹೋಗುತ್ತೇನೆ. ಹಿರಿಯರ ಸಹಾಯವಾಣಿ 14567 ಇದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಎತ್ತುತ್ತಾರೆ. ಪಿಂಚಣಿ ವಿಷಯವೂ ಹೇಳುತ್ತಾರೆ. ಮೊದಲು ಅವರನ್ನು ಕೇಳಿಕೊಂಡೇ ಹೋಗುತ್ತೇನೆ.

ನಾನು: ಬಹಳ ಒಳ್ಳೆಯದು ಕಂದ. ಇನ್ನೊಬ್ಬರು ನಮ್ಮ ಟೀಚರ್. ಅಣ್ಣನಿಗೂ ತಂಗಿಗೂ ಲೆಕ್ಕ ಹೇಳಿಕೊಟ್ಟವರು. ಅವರಿಗೆ ದುಡ್ಡಿನ ಕಷ್ಟ ಇಲ್ಲ. ಪಿಂಚಣಿ ಬರುತ್ತದೆ, ಸ್ವಂತ ಮನೆ ಇದೆ. ಮಕ್ಕಳಿಬ್ಬರೂ ಹೊರದೇಶ. ಮಂಡಿನೋವು, ಮೆಟ್ಟಿಲು ಇಳಿಯಲು ಆಗುವುದಿಲ್ಲ. ಹೋದ ವರ್ಷ ಕ್ಯಾರಲ್ ಹಾಡುವ ಮಕ್ಕಳು ಅವರ ಬೀದಿಗೆ ಬಂದಿದ್ದರು. ಗೇಟಿಗೆ ಬೀಗ ಇತ್ತು, ಕೆಳಗಡೆ ದೀಪ ಇರಲಿಲ್ಲ. ಯಾರೂ ಇಲ್ಲ ಅಂದುಕೊಂಡು ಮುಂದಿನ ಮನೆಗೆ ಹೋದರು. ಟೀಚರ್ ಮೇಲಿನ ಕೋಣೆಯಲ್ಲಿ ಕೂತು ಪಕ್ಕದ ಮನೆಯ ಗಿಟಾರ್ ಕೇಳಿದರಂತೆ. ಮಕ್ಕಳಿಗೆ ಕೊಡಲು ಕಲ್ಕಲ್ ಸಿಹಿತಿಂಡಿ ಕರಿಸಿ ಡಬ್ಬ ತುಂಬಿಸಿ ಇಟ್ಟಿದ್ದರಂತೆ. ಪಿಂಚಣಿದಾರರ ಸ್ವರ್ಗ ಅನ್ನುತ್ತಾರೆ ನಮ್ಮ ಮೈಸೂರನ್ನು. ಸರಸ್ವತಿಪುರಂ, ಕುವೆಂಪುನಗರ, ಬನ್ನಿಮಂಟಪ, ಎಲ್ಲಿ ನೋಡಿದರೂ ಇಂಥ ಮನೆ ಇದೆ. ಕಂಬಳಿ ಹಂಚುವ ಪಟ್ಟಿಯಲ್ಲಿ ಇವರ ಹೆಸರು ಬರುವುದೇ ಇಲ್ಲ.

ತಂಗಿ, ಕುವೈತ್: ಅಕ್ಕ, ಇದು ನನಗೆ ಹೇಳಿದ್ದಾ? ಹೊರದೇಶಕ್ಕೆ ಹೋದವರೆಲ್ಲ ಹೆತ್ತವರನ್ನು ಬಿಟ್ಟು ಹೋದವರು ಅಂತನಾ? ದುಡ್ಡು ಕಳಿಸುವುದು ಬಿಟ್ಟು ಇಲ್ಲಿಂದ ನಾನು ಇನ್ನೇನು ಮಾಡಲಿ?

ನಾನು: ನಿನ್ನ ಮೇಲೆ ದೂರು ಇಲ್ಲಮ್ಮ. ನೀನು ದುಡಿದು ಕಳಿಸಿದ್ದರಿಂದಲೇ ಅಪ್ಪನ ಔಷಧಿ ಒಂದು ದಿನವೂ ನಿಲ್ಲಲಿಲ್ಲ. ಟೀಚರಿಗೆ ಒಂದು ಫೋನ್ ಮಾಡು. ಅವರು ನಿನ್ನ ಕೇಳುತ್ತಲೇ ಇರುತ್ತಾರೆ. ಕ್ರಿಸ್‌ಮಸ್ ದಿನ ಎಲ್ಲರೂ ಮಾಡುತ್ತಾರೆ. ನೀನು ಜನವರಿ, ಫೆಬ್ರವರಿಯಲ್ಲೂ ಮಾಡು.

ತಂಗಿ, ಕುವೈತ್: ನಂಬರ್ ಕಳಿಸು. ಶುಕ್ರವಾರ ನನಗೆ ರಜೆ. ಪ್ರತಿ ಶುಕ್ರವಾರ ಮಾಡುತ್ತೇನೆ.

ಚಿಕ್ಕಪ್ಪ: ಎಲ್ಲಾ ಸರಿ. ಆದರೆ ನಿಮ್ಮಪ್ಪನ ಹೆಸರು?

ನಾನು: 25ರ ಬೆಳಗಿನ ಪೂಜೆ ಅಪ್ಪನಿಗಾಗಿ ಹೇಳಿಸೋಣ ಚಿಕ್ಕಪ್ಪ. ಗುರುಗಳ ಹತ್ತಿರ ನೀವೇ ಹೋಗಿ ಬರೆಸಿ. ಅದೇ ಪೂಜೆಗೆ ಟೀಚರನ್ನು ಕಾರಲ್ಲಿ ಕರೆದುಕೊಂಡು ಬರೋಣ. ಊಟಕ್ಕೆ ಟೀಚರ್, ಅಜ್ಜಿ ಇಬ್ಬರೂ ನಮ್ಮ ಮನೆಗೆ. ಔತಣ ಮಾಡುವಾಗ ನೆಂಟರನ್ನೂ ಶ್ರೀಮಂತ ನೆರೆಯವರನ್ನೂ ಕರೆಯಬೇಡ, ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ ಅಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದಾರೆ. ನಾವು ಪ್ರತಿ ವರ್ಷ ನೆಂಟರನ್ನೇ ಕರೆಯುತ್ತಿದ್ದೇವೆ.

ಚಿಕ್ಕಪ್ಪ: ಪೂಜೆ ನಾನು ಬರೆಸುತ್ತೇನೆ. ಊಟದ ಮಟನ್ ಖರ್ಚೂ ನನ್ನದೇ.

ಅಣ್ಣ: ಫೋಟೊ ಇಲ್ಲದೆ ಜನ ಕೊಡುತ್ತಾರೆ ಅನ್ನುವುದನ್ನು ನಾನಿನ್ನೂ ಒಪ್ಪಿಲ್ಲ. ನಾವು ಮನೆಯವರು ಕೊಡುತ್ತೇವೆ, ಹೊರಗಿನವರು ಕೊಡಲ್ಲ. ಇರಲಿ, ಈ ಸಲ ಬ್ಯಾನರ್ ಬೇಡ. 40 ಕಂಬಳಿ ತರುತ್ತೇನೆ, ಬಿಲ್ಲು ಇಲ್ಲಿ ಹಾಕುತ್ತೇನೆ. ಉಳಿದ ದುಡ್ಡು ಅಜ್ಜಿಯ ಓಡಾಟಕ್ಕೆ, ಔಷಧಿಗೆ ಇಟ್ಟುಕೊಳ್ಳಿ. ನಾನು 23ಕ್ಕೇ ಬರುತ್ತೇನೆ.

ನಾನು: ಕಾರು ತಾ. ಟೀಚರಿಗೆ ಮುಂದಿನ ಸೀಟೇ ಆಗಬೇಕು, ಮಂಡಿ ಮಡಿಸಲು ಆಗುವುದಿಲ್ಲ. ಕ್ಯಾರಲ್ ಮಕ್ಕಳಿಗೂ ಹೇಳಿದ್ದೇನೆ. ಅವರು ಬರುವ ಹೊತ್ತಿಗೆ ಗೇಟಿನ ಬೀಗದ ಕೈ ನನ್ನ ಹತ್ತಿರ ಇರುತ್ತದೆ.