ಯೂರೋ ಖಾತೆಗೆ 3,000 ಡಾಲರ್ ಕಳಿಸಿದೆ, ಕಡಿಮೆ ಸೇರಿದೆ. ಉಳಿದದ್ದು ಎಲ್ಲಿ ಹೋಯಿತು?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ತಂಗಿಯ ಕೋರ್ಸ್ ಫೀ ಕಟ್ಟಬೇಕಿತ್ತು. ನನ್ನ ಡಾಲರ್ ಖಾತೆಯಿಂದ ಕಾಲೇಜಿನ ಯೂರೋ ಖಾತೆಗೆ ಹಣ ಕಳಿಸಿದೆ. ಬಿಲ್ 2,700 ಯೂರೋ. ಅವತ್ತು ಇಂಟರ್ನೆಟ್‌ನಲ್ಲಿ ಒಂದು ಡಾಲರಿಗೆ 0.90 ಯೂರೋ ಅಂತ ತೋರಿಸುತ್ತಿತ್ತು. ಅದರ ಪ್ರಕಾರ 3,000 ಡಾಲರ್ ಸಾಕು. ಬ್ಯಾಂಕಿನವರು ಅದರ ಮೇಲೆ 30 ಡಾಲರ್ ಶುಲ್ಕ ಹಿಡಿದರು. ಅದು ಮೊದಲೇ ಗೊತ್ತಿದ್ದದ್ದೇ.

ಈಗ ಕಾಲೇಜಿನಿಂದ ಮೇಲ್ ಬಂದಿದೆ. ಸೇರಿದ್ದು 2,602.95 ಯೂರೋ ಮಾತ್ರವಂತೆ. ಉಳಿದ 97.05 ಕಟ್ಟುವ ತನಕ ದಾಖಲಾತಿ ಪೂರ್ತಿಯಾಗುವುದಿಲ್ಲವಂತೆ. ನಮ್ಮ ಬ್ಯಾಂಕಿಗೆ ಫೋನ್ ಮಾಡಿದರೆ "ನಾವು ಪೂರ್ತಿ ಕಳಿಸಿದ್ದೇವೆ" ಅನ್ನುತ್ತಾರೆ. ಕಾಲೇಜಿನವರು "ನಮಗೆ ಬಂದದ್ದೇ ಇಷ್ಟು" ಅನ್ನುತ್ತಾರೆ. ಮಧ್ಯೆ ಈ ದುಡ್ಡು ಯಾರ ಕೈ ಸೇರಿತು? ಉಳಿದದ್ದನ್ನು ಇವತ್ತೇ ಇದೇ ದಾರಿಯಲ್ಲಿ ಕಳಿಸಿಬಿಡಲಾ?

ರವಾನೆಡೆಸ್ಕ್

ಸದ್ಯಕ್ಕೆ ಕಳಿಸಬೇಡಿ. 97 ಯೂರೋ ಕಳಿಸಲು ಮತ್ತೆ 30 ಡಾಲರ್ ಕೊಡುತ್ತೀರಿ, ದಾರಿಯಲ್ಲಿ ಮತ್ತೆ ಕಡಿತವಾಗುತ್ತದೆ, ಅಲ್ಲಿ ಮತ್ತೆ ಸ್ವಲ್ಪ ಬಾಕಿ ಉಳಿಯುತ್ತದೆ. ಮೊದಲು ಎಲ್ಲಿ ಕಡಿತವಾಯಿತು ಅಂತ ನೋಡೋಣ.

ನಿಮ್ಮ ಬ್ಯಾಂಕೂ ಕಾಲೇಜೂ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ನಾನು ವಿದೇಶಿ ರವಾನೆ ವಿಭಾಗದಲ್ಲಿ ಕೆಲಸ ಮಾಡಿದವನು. ಈ ದೂರು ಬರದ ವಾರವೇ ಇರುತ್ತಿರಲಿಲ್ಲ. ಜನ ಸ್ವಿಫ್ಟ್ ಅಂದರೆ ಹಣ ಹರಿಯುವ ಪೈಪು ಅಂದುಕೊಳ್ಳುತ್ತಾರೆ. ಅದು ಬ್ಯಾಂಕುಗಳ ನಡುವೆ ಸಂದೇಶ ಒಯ್ಯುವ ಜಾಲ, ಅಷ್ಟೇ. 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾಯಿತು. ಹಣ ಓಡಾಡುವುದು ಬ್ಯಾಂಕುಗಳು ಒಂದರಲ್ಲೊಂದು ಇಟ್ಟುಕೊಂಡಿರುವ ಖಾತೆಗಳಲ್ಲಿ. ನಿಮ್ಮ ಬ್ಯಾಂಕಿಗೂ ಕಾಲೇಜಿನ ಬ್ಯಾಂಕಿಗೂ ನೇರ ಖಾತೆ ಸಂಬಂಧ ಇಲ್ಲದಿದ್ದರೆ ಮಧ್ಯದಲ್ಲಿ ಇನ್ನೊಂದು ಬ್ಯಾಂಕ್ ಬರುತ್ತದೆ, ಕೆಲವು ಸಲ ಎರಡು. ಅವಕ್ಕೆ ಕರೆಸ್ಪಾಂಡೆಂಟ್ ಬ್ಯಾಂಕ್ ಅನ್ನುತ್ತಾರೆ. ಹಾದುಹೋಗುವ ಮೊತ್ತದಿಂದಲೇ ಅವು ತಮ್ಮ ಶುಲ್ಕ ಮುರಿದುಕೊಳ್ಳಬಹುದು.

ಎರಡು ಕಾಗದ ತರಿಸಿ. ನಿಮ್ಮ ಬ್ಯಾಂಕಿನಿಂದ ಪಾವತಿ ಸಂದೇಶದ ಪ್ರತಿ. ಎಂಟಿ103 ಪ್ರತಿ ಅಂದರೆ ಅವರಿಗೆ ಅರ್ಥವಾಗುತ್ತದೆ. ನವೆಂಬರ್ 2025ರಿಂದ ಗಡಿಯಾಚೆಯ ಪಾವತಿಗಳಿಗೆ ಪ್ಯಾಕ್ಸ್.008 ಅನ್ನುವ ಹೊಸ ನಮೂನೆ ಬಂದಿದೆ, ಆದರೂ ಹಳೆ ಹೆಸರೇ ಬಾಯಲ್ಲಿ ಉಳಿದಿದೆ. ಇನ್ನೊಂದು, ಕಾಲೇಜಿನ ಬ್ಯಾಂಕ್ ಅವರಿಗೆ ಕೊಟ್ಟ ಜಮಾ ವಿವರ. ಎರಡೂ ಸಿಕ್ಕರೆ ಊಹೆ ಮಾಡುವ ಅಗತ್ಯವೇ ಇಲ್ಲ.

ಕೂಡುಕಳೆ

ಕಾಗದ ಬರುವ ಮುಂಚೆ ಒಂದು ಮಾತು. ಇಂಟರ್ನೆಟ್‌ನಲ್ಲಿ ಕಂಡ 0.90 ಯಾರಿಗೂ ಕೌಂಟರಿನಲ್ಲಿ ಸಿಗುವ ದರವಲ್ಲ. ಅದು ಮಧ್ಯದ ದರ. ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ ಬೆಲೆ ಒಂದು, ಮಾರುವ ಬೆಲೆ ಒಂದು. ಅವೆರಡರ ನಡುವಿನ ಅಂಕಿ ಅದು. ಗ್ರಾಹಕರಿಗೆ ಕೊಡುವಾಗ ಬ್ಯಾಂಕ್ ಅದನ್ನು ಒಂದಿಷ್ಟು ತಗ್ಗಿಸಿ ಕೊಡುತ್ತದೆ. ಆ ವ್ಯತ್ಯಾಸ ಯಾವ ರಸೀದಿಯಲ್ಲೂ ಶುಲ್ಕ ಅಂತ ಬರೆದಿರುವುದಿಲ್ಲ. 30 ಡಾಲರ್ ಕಣ್ಣಿಗೆ ಕಾಣುತ್ತದೆ. ದರದೊಳಗೆ ಹೋದದ್ದು ಕಾಣುವುದಿಲ್ಲ. ನನಗೆ ಇದರ ಬಗ್ಗೆ ಸಿಟ್ಟಿದೆ. "ಶುಲ್ಕ ಸೊನ್ನೆ" ಅನ್ನುವ ಜಾಹೀರಾತು ಕಂಡರೆ ನಾನು ಮೊದಲು ನೋಡುವುದೇ ದರವನ್ನು.

ನೀಲಿಶಾಯಿ

ಇಬ್ಬರಿಗೂ ಧನ್ಯವಾದ. ಬ್ಯಾಂಕಿನಿಂದ ಪ್ರತಿ ಸಿಕ್ಕಿತು. ಹಳೆ ನಮೂನೆಯಲ್ಲೇ ಮುದ್ರಿಸಿ ಕೊಟ್ಟಿದ್ದಾರೆ. ಅದರಲ್ಲಿ 32ಎ ಎದುರು ಯುಎಸ್‌ಡಿ 3000. 33ಬಿ ಎದುರೂ ಅದೇ. 71ಎ ಎದುರು ಎಸ್‌ಎಚ್‌ಎ ಅಂತಿದೆ. 71ಎಫ್ ಎಲ್ಲೂ ಕಾಣಿಸಲಿಲ್ಲ. 36 ಅನ್ನುವ ಸಾಲೂ ಇಲ್ಲ.

ಕಾಲೇಜಿನ ಲೆಕ್ಕ ವಿಭಾಗದವರು ಜಮಾ ವಿವರ ಕಳಿಸಿದ್ದಾರೆ. ಅದರಲ್ಲಿ ಹೀಗಿದೆ: ಬಂದ ಮೊತ್ತ 2,980 ಡಾಲರ್, ದರ 0.8775, ಒಳಬರುವ ರವಾನೆ ಶುಲ್ಕ 12 ಯೂರೋ, ಖಾತೆಗೆ ಜಮಾ 2,602.95 ಯೂರೋ.

ರವಾನೆಡೆಸ್ಕ್

ಇನ್ನೇನು ಬೇಕು, ಎಲ್ಲ ಇದರಲ್ಲೇ ಇದೆ.

ನಿಮ್ಮ ಪ್ರತಿಯಲ್ಲಿ ಮುಖ್ಯವಾದದ್ದು ಇಲ್ಲದ ಸಾಲು. 36 ಅಂದರೆ ವಿನಿಮಯ ದರ ಬರೆಯುವ ಜಾಗ. ಅದು ಇಲ್ಲ, ಬ್ಯಾಂಕುಗಳ ನಡುವೆ ಸಾಗುವ ಮೊತ್ತ ಬರೆಯುವ 32ಎಯಲ್ಲಿ ಡಾಲರ್ ಇದೆ. ಅಂದರೆ ನಿಮ್ಮ ಬ್ಯಾಂಕ್ ಕರೆನ್ಸಿ ಬದಲಿಸಲೇ ಇಲ್ಲ, ಡಾಲರನ್ನು ಡಾಲರಾಗಿಯೇ ಕಳಿಸಿದೆ. ಕಾಲೇಜಿನ ಖಾತೆ ಯೂರೋದ್ದು. ಹಾಗಾಗಿ ಅಲ್ಲಿನ ಬ್ಯಾಂಕ್ ತನ್ನ ದರದಲ್ಲಿ ಬದಲಿಸಿತು. ಆ ದರವನ್ನು ನೀವೂ ನೋಡಿರಲಿಲ್ಲ, ಒಪ್ಪಿಯೂ ಇರಲಿಲ್ಲ. ಚೌಕಾಸಿಗೆ ಅಲ್ಲಿ ಜಾಗವೇ ಇಲ್ಲ.

ಇನ್ನು 71ಎ. ಶುಲ್ಕ ಯಾರ ಮೇಲೆ ಅನ್ನುವುದು ಅಲ್ಲಿರುತ್ತದೆ. ಎಸ್‌ಎಚ್‌ಎ ಅಂದರೆ ಹಂಚಿಕೆ: ನಿಮ್ಮ ಬ್ಯಾಂಕಿನದು ನಿಮಗೆ, ಮುಂದಿನದೆಲ್ಲ ಪಡೆಯುವವರಿಗೆ. ಓಯುಆರ್ ಅಂದರೆ ಎಲ್ಲ ಕಳಿಸುವವರಿಗೆ. ಬಿಇಎನ್ ಅಂದರೆ ಎಲ್ಲ ಪಡೆಯುವವರಿಗೆ. ಹೊಸ ನಮೂನೆಯಲ್ಲಿ ಇವೇ ಎಸ್‌ಎಚ್‌ಎಆರ್, ಡಿಇಬಿಟಿ, ಸಿಆರ್‌ಇಡಿ ಆಗಿವೆ. ನಿಮ್ಮದು ಹಂಚಿಕೆಯಾದ್ದರಿಂದ ಮಧ್ಯದ ಬ್ಯಾಂಕ್ 20 ಡಾಲರ್ ಮುರಿದುಕೊಂಡಿತು.

ಅದು ನಿಮ್ಮ ಪ್ರತಿಯಲ್ಲಿ ಯಾಕೆ ಕಾಣಲಿಲ್ಲ ಅಂದರೆ, ನಿಮ್ಮ ಬ್ಯಾಂಕಿನ ಹತ್ತಿರ ಇರುವುದು ಮೊದಲ ಹೆಜ್ಜೆಯ ಸಂದೇಶ. ಮಧ್ಯದ ಬ್ಯಾಂಕ್ ಮುಂದೆ ಕಳಿಸುವ ಸಂದೇಶದಲ್ಲಿ ತಾನು ಮುರಿದ ಶುಲ್ಕವನ್ನು 71ಎಫ್‌ನಲ್ಲಿ ಬರೆದು, 32ಎಯನ್ನು 2980 ಮಾಡಿ ದಾಟಿಸುತ್ತದೆ. ನೀವು ಕಳಿಸಲು ಹೇಳಿದ ಮೊತ್ತದ ಜಾಗವಾದ 33ಬಿಯಲ್ಲಿ 3000 ಹಾಗೇ ಉಳಿಯುತ್ತದೆ. ಇದಕ್ಕೇ ನಿಮ್ಮ ಬ್ಯಾಂಕಿನವರು "ಪೂರ್ತಿ ಕಳಿಸಿದ್ದೇವೆ" ಅಂದದ್ದು.

ಕೂಡುಕಳೆ

ಲೆಕ್ಕ ನಾನು ಹಾಕುತ್ತೇನೆ. ಎಲ್ಲವನ್ನೂ 0.90 ದರದಲ್ಲಿ ಯೂರೋಗೆ ತರುತ್ತೇನೆ.

ಮಧ್ಯದ ಬ್ಯಾಂಕ್ ಹಿಡಿದ 20 ಡಾಲರ್ ಅಂದರೆ 18 ಯೂರೋ. ಉಳಿದ 2,980 ಡಾಲರಿಗೆ ಮಧ್ಯದ ದರದಲ್ಲಿ 2,682 ಯೂರೋ ಬರಬೇಕಿತ್ತು. 0.8775ರ ಲೆಕ್ಕದಲ್ಲಿ ಬಂದದ್ದು 2,614.95. ಅಂದರೆ ದರದಲ್ಲೇ 67.05 ಯೂರೋ ಹೋಯಿತು. ಒಳಬರುವ ಶುಲ್ಕ 12. ಮೂರೂ ಸೇರಿದರೆ 97.05. ಕಾಲೇಜು ಕೇಳುತ್ತಿರುವ ಬಾಕಿಗೆ ಸರಿಯಾಗಿ ಹೊಂದುತ್ತದೆ, ಒಂದು ಸೆಂಟೂ ಹೆಚ್ಚುಕಡಿಮೆ ಇಲ್ಲ.

ಇದಕ್ಕೆ ನೀವು ಮೊದಲೇ ಕೊಟ್ಟ 30 ಡಾಲರ್, ಅಂದರೆ 27 ಯೂರೋ ಸೇರಿಸಿ. ಒಟ್ಟು 124.05 ಯೂರೋ, ಬಿಲ್ಲಿನ ಸುಮಾರು ಶೇ. 4.6. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದರದ ಒಳಗಿದ್ದದ್ದು. ಯಾರೂ ಅದನ್ನು ಶುಲ್ಕ ಅಂತ ನಿಮಗೆ ಹೇಳಲಿಲ್ಲ. ನಾನು ಹೇಳಬೇಕು ಅಂದುಕೊಂಡದ್ದೂ ಇದನ್ನೇ.

ಸಣ್ಣ ಮೊತ್ತಕ್ಕೆ ಪೆಟ್ಟು ಇನ್ನೂ ಜಾಸ್ತಿ. ನಿಗದಿ ಶುಲ್ಕಗಳು 300 ಡಾಲರಿಗೂ ಅಷ್ಟೇ, 3,000ಕ್ಕೂ ಅಷ್ಟೇ. ವಿಶ್ವಬ್ಯಾಂಕ್ 200 ಡಾಲರ್ ಕಳಿಸಲು ಆಗುವ ಖರ್ಚನ್ನು ದೇಶದೇಶಗಳ ನಡುವೆ ಲೆಕ್ಕ ಹಾಕುತ್ತಾ ಬಂದಿದೆ. ಅದರಲ್ಲಿ ದರದ ವ್ಯತ್ಯಾಸವನ್ನೂ ಸೇರಿಸುತ್ತಾರೆ. ಈಚಿನ ವರ್ಷಗಳಲ್ಲಿ ಜಗತ್ತಿನ ಸರಾಸರಿ ಶೇ. 6ಕ್ಕಿಂತ ಮೇಲೇ ಇದೆ. 2030ರ ಹೊತ್ತಿಗೆ ಶೇ. 3ಕ್ಕಿಂತ ಕೆಳಗೆ ತರಬೇಕು ಅಂತ ವಿಶ್ವಸಂಸ್ಥೆಯ ಗುರಿ. ದುಡಿದು ಮನೆಗೆ ಸಣ್ಣ ಸಣ್ಣ ಮೊತ್ತ ಕಳಿಸುವವರ ಕೈಯಿಂದ ಹೋಗುವ ದುಡ್ಡು ಅದು.

ನೀಲಿಶಾಯಿ

ಈಗ ಸ್ಪಷ್ಟವಾಯಿತು. ಆನ್‌ಲೈನ್ ಫಾರಂನಲ್ಲಿ ಕರೆನ್ಸಿ ಆರಿಸುವ ಜಾಗವೇ ಇರಲಿಲ್ಲ. ಬ್ಯಾಂಕಿಗೆ ಹೋಗಿ ಕೇಳಿದೆ. ಯೂರೋದಲ್ಲೇ ಕಳಿಸಬಹುದಂತೆ, ಆದರೆ ಅರ್ಜಿ ಕೈಯಲ್ಲಿ ಬರೆದು ಕೊಡಬೇಕಂತೆ. ಅವರ ಇವತ್ತಿನ ದರ 0.8865. ಓಯುಆರ್ ಬೇಕಾದರೆ 25 ಡಾಲರ್ ಜಾಸ್ತಿ. ಮುಂದಿನ ಕಂತೂ 2,700 ಯೂರೋನೇ. ಇದು ಲಾಭವಾ?

ಕೂಡುಕಳೆ

ಮಧ್ಯದ ದರ 0.90 ಅಂತಲೇ ಇಟ್ಟುಕೊಳ್ಳೋಣ. ಹಳೆ ದಾರಿಯಲ್ಲಿ ಪೂರ್ತಿ 2,700 ಸೇರಬೇಕಿದ್ದರೆ ನೀವು ಸುಮಾರು 3,111 ಡಾಲರ್ ಕಳಿಸಿ, ಮೇಲೆ 30 ಕೊಡಬೇಕು. ಒಟ್ಟು 3,141. ಯೂರೋದಲ್ಲಿ ಕಳಿಸಿದರೆ 3,046, ಅದಕ್ಕೆ 30, ಓಯುಆರ್‌ಗೆ 25. ಒಟ್ಟು 3,101. ನಲವತ್ತು ಡಾಲರ್ ಉಳಿಯುತ್ತದೆ. ಅದಕ್ಕಿಂತ ಮುಖ್ಯ, ದರವನ್ನು ಕಳಿಸುವ ಮುಂಚೆಯೇ ನೋಡುತ್ತೀರಿ.

ಆದರೂ ಇದೇ ಕಡಿಮೆ ಖರ್ಚಿನ ದಾರಿ ಅಂತ ನಾನು ಹೇಳುವುದಿಲ್ಲ. ವೈಸ್‌ನಂಥ ಆನ್‌ಲೈನ್ ಹಣ ರವಾನೆ ಸೇವೆಗಳು ಮಧ್ಯದ ದರದಲ್ಲೇ ಬದಲಿಸಿ ಶುಲ್ಕವನ್ನು ಬೇರೆಯಾಗಿ ತೋರಿಸುತ್ತವೆ. ಎರಡೂ ಕಡೆ ಅವರದೇ ಖಾತೆಗಳಿರುತ್ತವೆ. ನಿಮ್ಮಿಂದ ಇಲ್ಲಿ ಪಡೆದು, ಅಲ್ಲಿನ ಖಾತೆಯಿಂದ ಸ್ಥಳೀಯ ವರ್ಗಾವಣೆ ಮಾಡುತ್ತಾರೆ. ಮಧ್ಯದ ಬ್ಯಾಂಕಿನ ಕಡಿತಕ್ಕೆ ಜಾಗ ಕಡಿಮೆ. ಶುಲ್ಕ 20 ಡಾಲರ್ ಅಂದುಕೊಂಡರೂ 3,020ರಲ್ಲಿ ಕೆಲಸ ಮುಗಿಯುತ್ತದೆ. ಒಂದೇ ಹೊತ್ತಿಗೆ ಎರಡೂ ಕಡೆ ವಿಚಾರಿಸಿ. "2,700 ಯೂರೋ ಅಲ್ಲಿ ಸೇರಬೇಕು, ನನ್ನ ಖಾತೆಯಿಂದ ಒಟ್ಟು ಎಷ್ಟು ಹೋಗುತ್ತದೆ?" ಅಂತ ಕೇಳಿ. ಶುಲ್ಕ ಎಷ್ಟು, ದರ ಎಷ್ಟು ಅಂತ ಬೇರೆಬೇರೆ ಕೇಳುತ್ತಾ ಕೂತರೆ ಹೋಲಿಸುವುದು ಕಷ್ಟ.

ರವಾನೆಡೆಸ್ಕ್

ಕೂಡುಕಳೆ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಇಂಥ ಸೇವೆಯಿಂದ ಹೋದಾಗ ಕಾಲೇಜಿನ ಖಾತೆ ವಿವರದಲ್ಲಿ ಕೆಲವು ಸಲ ನಿಮ್ಮ ಹೆಸರಿನ ಬದಲು ಆ ಸೇವೆಯ ಹೆಸರು ಕಾಣಿಸುತ್ತದೆ. ವಿದ್ಯಾರ್ಥಿ ಸಂಖ್ಯೆಯನ್ನು ವಿವರದ ಜಾಗದಲ್ಲಿ ತಪ್ಪದೆ ಬರೆಯಿರಿ. ಬೇರೆಯವರ ಹೆಸರಿನಿಂದ ಬಂದ ಹಣ ತೆಗೆದುಕೊಳ್ಳುತ್ತೀರಾ ಅಂತ ಕಾಲೇಜನ್ನು ಮೊದಲೇ ಕೇಳಿ.

ಇನ್ನೊಂದು, ಓಯುಆರ್ ಹಾಕಿದರೆ ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಅದು ಶುಲ್ಕದ ಹೊರೆಯನ್ನು ನಿಮ್ಮ ಕಡೆ ತರುತ್ತದೆ, ದರವನ್ನು ಮುಟ್ಟುವುದಿಲ್ಲ. ಡಾಲರಾಗಿ ಕಳಿಸಿ ಓಯುಆರ್ ಹಾಕಿದ್ದರೂ ಆ 67 ಯೂರೋ ಹೋಗೇ ಹೋಗುತ್ತಿತ್ತು.

ದಾರಿಹೋಕ

ಬಾಕಿ 97 ಯೂರೋಗೆ ಕಾರ್ಡ್ ಯಾಕಾಗಬಾರದು? ಬಹಳಷ್ಟು ಕಾಲೇಜುಗಳಿಗೆ ಆನ್‌ಲೈನ್ ಪಾವತಿ ಪುಟ ಇರುತ್ತದೆ. ಕಾರ್ಡಿನವರು ವಿದೇಶಿ ವ್ಯವಹಾರಕ್ಕೆ ಶೇ. 3 ಹಿಡಿದರೂ ಮೂರು ಯೂರೋ ಒಳಗೇ. ಪುಟದಲ್ಲಿ "ನಿಮ್ಮ ಕರೆನ್ಸಿಯಲ್ಲೇ ಕಟ್ಟುತ್ತೀರಾ?" ಅಂತ ಕೇಳಿದರೆ ಬೇಡ ಅನ್ನಿ. ಯೂರೋ ಆರಿಸಿ. ಇಲ್ಲದಿದ್ದರೆ ಅಂಗಡಿಯ ಕಡೆಯವರು ತಮ್ಮ ದರ ಹಾಕುತ್ತಾರೆ, ಅದು ಸಾಮಾನ್ಯವಾಗಿ ಕಾರ್ಡ್ ಜಾಲದ ದರಕ್ಕಿಂತ ತುಟ್ಟಿ. ವೀಸಾ, ಮಾಸ್ಟರ್‌ಕಾರ್ಡ್ ಎರಡೂ ತಮ್ಮ ದಿನದ ದರವನ್ನು ವೆಬ್‌ಸೈಟಿನಲ್ಲಿ ಹಾಕುತ್ತವೆ, ಹೋಲಿಸಿ ನೋಡಬಹುದು.

ನೀಲಿಶಾಯಿ

ಪಾವತಿ ಪುಟ ಇತ್ತು, ಯೂರೋದಲ್ಲೇ ಕಾರ್ಡಿನಿಂದ ಕಟ್ಟಿದೆ. ಬಾಕಿ ಸೊನ್ನೆ ಅಂತ ಬಂದಿದೆ, ತಂಗಿಯ ದಾಖಲಾತಿ ಆಯಿತು. ಎಲ್ಲರಿಗೂ ತುಂಬಾ ಧನ್ಯವಾದ. ಮುಂದಿನ ಕಂತಿಗೆ ಮುಂಚೆ ಕಾಲೇಜಿಗೆ ಹೆಸರಿನ ವಿಷಯ ಕೇಳಿ ಮೇಲ್ ಹಾಕಿದ್ದೇನೆ.

ಹೊಸಬೆಳಗು

ಇದೇ ವಿಷಯಕ್ಕೆ ಹೊಂದುವ ಪ್ರಶ್ನೆ, ಬೇರೆ ಎಳೆ ಶುರು ಮಾಡುವುದು ಬೇಡ ಅನಿಸಿತು. ನಾನು ಕಳಿಸಿದ್ದು ಇನ್ನೂ ಸೇರಿಲ್ಲ. ಖಾತೆ ಸಂಖ್ಯೆ ತಪ್ಪಿರಬಹುದಾ? ಶನಿವಾರ ಕಳಿಸಿದ್ದರಿಂದ ದರ ಬೇರೆ ಕೆಟ್ಟದಾಗಿತ್ತು.

ರವಾನೆಡೆಸ್ಕ್

ಯೂರೋ ದೇಶಗಳಿಗಾದರೆ ಐಬಿಎಎನ್, ಅಂದರೆ ಅಂತರರಾಷ್ಟ್ರೀಯ ನಮೂನೆಯ ಖಾತೆ ಸಂಖ್ಯೆ, ಬಳಸಿರುತ್ತೀರಿ. ಅದರಲ್ಲಿ ದೇಶದ ಎರಡು ಅಕ್ಷರ ಆದ ಮೇಲೆ ಬರುವ ಎರಡು ಅಂಕಿ ತಾಳೆ ನೋಡಲಿಕ್ಕೇ ಇರುವುದು. ಒಂದು ಅಂಕಿ ತಪ್ಪಿದ್ದರೆ ಫಾರಂ ಅಲ್ಲೇ ನಿಲ್ಲಿಸಿರುತ್ತಿತ್ತು. ಆದ್ದರಿಂದ ಅದೇ ಕಾರಣ ಇರುವ ಸಾಧ್ಯತೆ ಕಡಿಮೆ. ಶನಿವಾರ ಕಳಿಸಿದ್ದಾದರೆ ಬ್ಯಾಂಕುಗಳು ಅದನ್ನು ಕೈಗೆತ್ತಿಕೊಂಡದ್ದೇ ಸೋಮವಾರ ಇರಬಹುದು. ವಾರಾಂತ್ಯದಲ್ಲಿ ವಿದೇಶಿ ವಿನಿಮಯ ಮಾರುಕಟ್ಟೆ ಮುಚ್ಚಿರುತ್ತದೆ. ಸೋಮವಾರ ಬೆಲೆ ಎಲ್ಲಿ ತೆರೆಯುತ್ತದೋ ಅಂತ ಕೆಲವು ಸೇವೆಗಳು ಒಂದಿಷ್ಟು ಜಾಸ್ತಿಯೇ ಹಿಡಿಯುತ್ತವೆ. ಅವಸರ ಇಲ್ಲದಿದ್ದರೆ ವಾರದ ನಡುವೆ ಕಳಿಸಿ.

ನಿಮ್ಮ ಬ್ಯಾಂಕನ್ನು ಯುಇಟಿಆರ್ ಸಂಖ್ಯೆ ಕೇಳಿ. 36 ಅಕ್ಷರಗಳ ಉದ್ದದ ಗುರುತು, ನಡುನಡುವೆ ಗೆರೆ ಇರುತ್ತದೆ. ಅದರಿಂದ ನಿಮ್ಮ ಬ್ಯಾಂಕ್ ಸ್ವಿಫ್ಟ್ ಟ್ರ್ಯಾಕರ್‌ನಲ್ಲಿ ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಅಂತ ನೋಡಬಹುದು. ಬಹಳಷ್ಟು ಸಲ ಯಾರು ಎಷ್ಟು ಮುರಿದುಕೊಂಡರು ಅನ್ನುವುದೂ ಅಲ್ಲೇ ಸಿಗುತ್ತದೆ. ವಾಪಸ್ ತರಿಸುವುದಕ್ಕೆ ಮಾತ್ರ ಆತುರ ಮಾಡಬೇಡಿ. ಬರುವಾಗಲೂ ಕಡಿತ ಇರುತ್ತದೆ, ಕರೆನ್ಸಿ ಬದಲಾಗಿದ್ದರೆ ಮತ್ತೊಮ್ಮೆ ಬದಲಿಸಿದ ನಷ್ಟವೂ ನಿಮ್ಮದೇ. ಸಂಖ್ಯೆ ಸಿಕ್ಕ ಮೇಲೆ ಹಣ ಎಲ್ಲಿ ನಿಂತಿದೆ ಅಂತ ಇಲ್ಲಿ ಹಾಕಿ. ಸಂಖ್ಯೆಯನ್ನೇ ಹಾಕಬೇಡಿ, ಬ್ಯಾಂಕಿನವರು ಹೇಳಿದ ಸ್ಥಿತಿ ಸಾಕು.