ಕಂಪನಿ ಕೋಡ್ ಹಾಕಿ ಬುಕ್ ಮಾಡಿದರೆ ಪ್ಲಾಟಿನಂ ಸೌಲಭ್ಯ ಸಿಗುತ್ತಾ? (ಮ್ಯಾರಿಯಟ್ ಹೋಟೆಲ್‌ಗಳ ಸದಸ್ಯತ್ವ ಯೋಜನೆ ಬಾನ್‌ವಾಯ್ ಕುರಿತ ಪ್ರಶ್ನೋತ್ತರ; ಗೋಲ್ಡ್, ಅದಕ್ಕೂ ಮೇಲಿನ ಪ್ಲಾಟಿನಂ ಅದರ ಹಂತಗಳು)

ಶಿವಮೊಗ್ಗದವನು: ಸರ್, ಟ್ರಾವೆಲ್ ಆ್ಯಪ್‌ನಲ್ಲಿ ರೂಮ್ ಅಗ್ಗಕ್ಕೆ ಸಿಕ್ಕಿದೆ. ನಾನು ಗೋಲ್ಡ್ ಮೆಂಬರ್. ಪಾಯಿಂಟ್ಸ್ ಬರುತ್ತಾ?

ಫ್ರಂಟ್ ಆಫೀಸ್: ಬಾಡಿಗೆಗೆ ಪಾಯಿಂಟ್ ಇಲ್ಲ, ಎಲೀಟ್ ನೈಟ್ (ಮೇಲಿನ ಹಂತಕ್ಕೆ ಎಣಿಸುವ ರಾತ್ರಿಗಳು) ಲೆಕ್ಕವೂ ಇಲ್ಲ. ಮ್ಯಾರಿಯಟ್ ಸೈಟ್‌ನ ಮೆಂಬರ್ ರೇಟ್ ತೆಗೆದುಕೊಂಡರೆ ಎರಡೂ ಉಂಟು. ಆ್ಯಪ್‌ನಲ್ಲಿ ಅದೇ ರೂಮ್, ಅದೇ ಷರತ್ತಿಗೆ ಅಗ್ಗ ಕಂಡರೆ, ಸೈಟ್‌ನಲ್ಲಿ ಬುಕ್ ಮಾಡಿ 24 ಗಂಟೆಯೊಳಗೆ ಬೆಸ್ಟ್ ರೇಟ್ ಗ್ಯಾರಂಟಿ (ಬೇರೆಡೆಯ ಅಗ್ಗದ ದರಕ್ಕೆ ಸರಿಗಟ್ಟುವ ಭರವಸೆ) ಕ್ಲೇಮ್ ಹಾಕಿ.

ಮಂಡ್ಯ: ಮಗಳ ಮದುವೆಗೆ 20 ರೂಮ್ ಬೇಕು. ಪಾಯಿಂಟ್ಸ್ ಯಾರಿಗೆ ಸೇರುತ್ತೆ?

ಧಾರವಾಡ: ಅಪ್ಪ, ಅಮ್ಮ ನಾಳೆ ಬಿಟ್ಟು ನಾಡಿದ್ದು ಸಿಂಗಾಪುರಕ್ಕೆ ಹೊರಟಿದ್ದಾರೆ. ವಾಟ್ಸಾಪ್‌ಗೆ ಬಂದ ಕಂಪನಿ ಕೋಡ್ ಹಾಕಿ ಬುಕ್ ಮಾಡಿದೆ. ನನ್ನ ಪ್ಲಾಟಿನಂ ನಂಬರ್ ಕೊಟ್ಟಿದ್ದೇನೆ. ಲೌಂಜ್, ತಿಂಡಿ ಸಿಗುತ್ತಲ್ವಾ?

ಫ್ರಂಟ್ ಆಫೀಸ್: ಅಕ್ಕ, ಇದನ್ನು ಓದಿ ಕಳವಳ ಆಯಿತು. ಆ ರಿಯಾಯಿತಿ ದರದ ಕೋಡ್ ಆ ಕಂಪನಿಯ ನೌಕರರಿಗೆ. ಕೌಂಟರ್‌ನಲ್ಲಿ ಐಡಿ ಕೇಳಬಹುದು. ಇಲ್ಲದಿದ್ದರೆ ಅವತ್ತಿನ ಪೂರ್ತಿ ರೇಟ್ ಹಾಕಬಹುದು. ರಾತ್ರಿ ವಿಮಾನ ಇಳಿದು, ಸೂಟ್‌ಕೇಸ್ ಹಿಡಿದು ನಿಂತ ಹಿರಿಯರು ಯಾವ ಕಾರ್ಡ್ ತೋರಿಸುತ್ತಾರೆ? ಕಂಪನಿಯ ಹೆಸರೇ ಅವರಿಗೆ ಗೊತ್ತಿರಲ್ಲ. ಇನ್ನೊಂದು, ಪ್ಲಾಟಿನಂ ನಿಮ್ಮದು, ಅವರದ್ದಲ್ಲ. ಲೌಂಜ್, ತಿಂಡಿ, ಸಂಜೆ 4ರ ಚೆಕ್‌ಔಟ್ ಎಲ್ಲ ಮೆಂಬರ್ ತಾನೇ ಉಳಿದುಕೊಂಡರೆ ಮಾತ್ರ. ನೀವು ಜೊತೆಗೆ ಹೋಗಿ, ಬಾಡಿಗೆ ನೀವೇ ಕಟ್ಟಿದರೆ 3 ರೂಮ್‌ವರೆಗೆ ಪಾಯಿಂಟ್ಸ್ ಬರುತ್ತದೆ. ಆಗಲೂ ಸೌಲಭ್ಯ ನಿಮ್ಮ ರೂಮಿಗಷ್ಟೇ. ಅಪ್ಪನ ಹೆಸರಲ್ಲಿ ಅಕೌಂಟ್ ತೆರೆಯಿರಿ, ದುಡ್ಡೇನೂ ಇಲ್ಲ. ತಿಂಡಿ ಸೇರಿದ ಮೆಂಬರ್ ರೇಟ್ ಬುಕ್ ಮಾಡಿ, ಆಮೇಲೆ ಹಳೆಯದನ್ನು ಕ್ಯಾನ್ಸಲ್ ಮಾಡಿ.

ಬೆಂಗಳೂರು ಐಟಿ: ಸುಮ್ನೆ ಹೆದರಿಸಬೇಡಿ. ವರ್ಷಗಳಿಂದ ಇಂಥ ಕೋಡ್ ಹಾಕ್ತಿದ್ದೇನೆ, ಯಾರೂ ಕೇಳಿಲ್ಲ.

ಉಡುಪಿ: ನಿಮ್ಮ ಕಂಪನಿಯದ್ದಾ?

ಬೆಂಗಳೂರು ಐಟಿ: ಯಾರದ್ದಾದರೆ ನಿಮಗೇನ್ರೀ?

ಉಡುಪಿ: ನನಗೇ ಇರೋದು. ನಮ್ಮ ಆಫೀಸಿನ ಕೋಡ್ ಹೀಗೇ ಊರೆಲ್ಲ ಸುತ್ತಿತು. ಈಗ ನಮ್ಮನ್ನೇ ಕಳ್ಳರ ಥರ ನೋಡುತ್ತಾರೆ.

ಬೆಂಗಳೂರು ಐಟಿ: ಉಪದೇಶ ಸಾಕು.

ಫ್ರಂಟ್ ಆಫೀಸ್: ನಿಮ್ಮನ್ನು ಕೇಳದೇ ಇದ್ದದ್ದು ನಿಮ್ಮ ಅದೃಷ್ಟ. ಅವರ ಅಪ್ಪ, ಅಮ್ಮನನ್ನು ಅದೃಷ್ಟಕ್ಕೆ ಬಿಡಬೇಡಿ. ಇಲ್ಲಿ ಯಾರೂ ಕೋಡ್ ಹಂಚಬೇಡಿ.

ತುಮಕೂರು: ಆ್ಯಪ್‌ನಲ್ಲಿ ಬುಕ್ ಮಾಡಿ, ಚೆಕ್‌ಇನ್‌ನಲ್ಲಿ ಮೆಂಬರ್ ನಂಬರ್ ಸೇರಿಸಿದರೆ ಪಾಯಿಂಟ್ ಬರುತ್ತಂತೆ. ಫಾರ್ವರ್ಡ್ ಬಂದಿದೆ.

ಫ್ರಂಟ್ ಆಫೀಸ್: ಬಾಡಿಗೆಗೆ ಬರಲ್ಲ. ಮೇಲೆ ಬರೆದಿದ್ದೇನೆ, ಓದಿ.

ಮಂಡ್ಯ: ನನ್ನದಕ್ಕೆ ಉತ್ತರ?

ತುಮಕೂರು: ಹಾಗಾದರೆ ಗೋಲ್ಡ್‌ಗೆ ತಿಂಡಿ ಫ್ರೀ ಅನ್ನೋದು?

ಫ್ರಂಟ್ ಆಫೀಸ್: ಸುಳ್ಳು. ಆ ಫಾರ್ವರ್ಡ್ ಅಳಿಸಿ.

ಧಾರವಾಡ: ಇವತ್ತು ರಾತ್ರಿ 11:59ರವರೆಗೆ ಕ್ಯಾನ್ಸಲ್ ಫ್ರೀ ಅಂತಿದೆ. ಊಟ ಮುಗಿಸಿ ಮಾಡಲಾ?

ಫ್ರಂಟ್ ಆಫೀಸ್: ಅದು ಸಿಂಗಾಪುರದ ಗಂಟೆ. ನಮಗಿಂತ ಎರಡೂವರೆ ಗಂಟೆ ಮುಂದೆ. ಈಗಲೇ ಮಾಡಿ.