‘ರಾಜಕೀಯ ಮನೆತನ’: ಹೊಗಳಿಕೆಯೋ, ಬೈಗುಳವೋ?

ಎಲ್ಲರಿಗೂ ನಮಸ್ಕಾರ.

ಐರ್ಲೆಂಡಿನ ಲಿಯಮ್ ಕಾಸ್‌ಗ್ರೇವ್ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಗಾಡಿ ಹೂತುಹೋಗಿದೆ. ಹೇಳಬೇಕಾದ್ದು ಇಷ್ಟೇ. ಇವರ ಅಪ್ಪ ದೇಶ ನಡೆಸಿದವರು, ಇವರೂ ನಡೆಸಿದರು, ಆಮೇಲೆ ಮಗ ಸಂಸತ್ತಿಗೆ ಹೋದರು. ಇಂಥ ಮನೆಗೆ ಕನ್ನಡದಲ್ಲಿ ಏನನ್ನುತ್ತಾರೆ?

ಮೊದಲು ‘ಕುಟುಂಬ ರಾಜಕಾರಣದಿಂದ ಬಂದವರು’ ಅಂತ ಬರೆದೆ. ಅಕ್ಕನಿಗೆ ಓದಿ ಹೇಳಿದರೆ, ‘ಯಾಕೋ, ಅವರ ಮೇಲೆ ನಿನಗೇನು ಸಿಟ್ಟು?’ ಅಂದಳು. ನಿಜ. ಅದು ಚುನಾವಣೆ ಭಾಷಣದಲ್ಲಿ ಎದುರು ಪಕ್ಷದವರಿಗೆ ಬೀಸುವ ಮಾತು. ತಮ್ಮ ಪಕ್ಷದವರಿಗೆ ಯಾರೂ ಹಾಗನ್ನುವುದಿಲ್ಲ. ‘ವಂಶಾಡಳಿತ’ ಇನ್ನೂ ಖಾರ. ಎರಡನ್ನೂ ಹೊಡೆದುಹಾಕಿ ‘ರಾಜಕೀಯ ಮನೆತನ’ ಅಂತ ಮಾಡಿದೆ. ಈಗ ಸನ್ಮಾನ ಪತ್ರ ಓದಿದ ಹಾಗೆ ಕೇಳುತ್ತಿದೆ! ಮನೆತನ ಅಂದರೆ ಒಳ್ಳೇ ಮನೆತನ, ಮನೆತನದ ಮರ್ಯಾದೆ ಅಂತಲೇ ಮನಸ್ಸು ಓಡುತ್ತದೆ. ಜೊತೆಗೆ ಪಟೇಲರ ಮನೆತನ, ಶಾನುಭೋಗರ ಮನೆತನ ಅನ್ನುವ ಹಳೇ ಬಳಕೆ ಬೇರೆ. ಅಲ್ಲಿ ಹುದ್ದೆ ಗದ್ದೆ ತೋಟದ ಹಾಗೆ ಅಪ್ಪನಿಂದ ಮಗನಿಗೆ ಬರುತ್ತಿತ್ತು, ಓಟು ಕೇಳುವ ಪ್ರಶ್ನೆಯೇ ಇರಲಿಲ್ಲ.

ಕಾಸ್‌ಗ್ರೇವ್ ವಿಷಯದಲ್ಲಿ ಇದು ಸುಮ್ನೆ ಪದದ ಜಗಳ ಅಲ್ಲ. ಅಪ್ಪ ಡಬ್ಲ್ಯೂ. ಟಿ. ಕಾಸ್‌ಗ್ರೇವ್ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1916ರ ಈಸ್ಟರ್ ಬಂಡಾಯದಲ್ಲಿ ಇದ್ದವರು. ಬ್ರಿಟಿಷರು ಮರಣದಂಡನೆ ಹಾಕಿ, ಆಮೇಲೆ ಜೀವಾವಧಿ ಶಿಕ್ಷೆಗೆ ಇಳಿಸಿದರು. 1922ರಲ್ಲಿ ಹೊಸ ಐರಿಷ್ ಸರ್ಕಾರದ ಮುಖ್ಯಸ್ಥರಾದಾಗ ಮಗ ಲಿಯಮ್‌ಗೆ ಎರಡು ವರ್ಷ. ಅಂತರ್ಯುದ್ಧ ನಡೆಯುತ್ತಿತ್ತು. 1923ರ ಜನವರಿಯಲ್ಲಿ ಎದುರಾಳಿಗಳು ಇವರ ಮನೆಗೇ ಬೆಂಕಿ ಹಚ್ಚಿದರು. ಹತ್ತು ವರ್ಷ ಆಳಿ, 1932ರಲ್ಲಿ ಸೋತಾಗ, ಅದೇ ಯುದ್ಧದಲ್ಲಿ ಎದುರು ನಿಂತಿದ್ದ ಡಿ ವಲೇರಾ ಕೈಗೆ ಅಪ್ಪ ಗಲಾಟೆ ಇಲ್ಲದೆ ಅಧಿಕಾರ ಕೊಟ್ಟರು. ಆ ದೇಶದ ಪ್ರಜಾಪ್ರಭುತ್ವ ಉಳಿದದ್ದು ಅವತ್ತು ಅಂತ ನನ್ನ ಎಣಿಕೆ.

ಲಿಯಮ್ ಸಂಸತ್ತಿಗೆ ಬಂದದ್ದು 1943ರಲ್ಲಿ, 23ನೇ ವಯಸ್ಸಿಗೆ. ಐರ್ಲೆಂಡಿನಲ್ಲಿ ಇಂಥವರು ಬಹಳ ಜನ ಅಪ್ಪ ತೀರಿಕೊಂಡ ಮೇಲಿನ ಉಪಚುನಾವಣೆಯಲ್ಲಿ ಬಂದವರು. 1975ರಲ್ಲಿ ಎಂಡಾ ಕೆನಿ, 1984ರಲ್ಲಿ ಬ್ರಯನ್ ಕೋವನ್, 1998ರಲ್ಲಿ ಸೈಮನ್ ಕೋವ್ನಿ ಹಾಗೇ ಗೆದ್ದರು. ಮೊದಲಿಬ್ಬರು ಮುಂದೆ ಪ್ರಧಾನಿಯೂ ಆದರು. ನಮ್ಮ ಪತ್ರಿಕೆಗಳಿಗೆ ಇದಕ್ಕೆ ‘ಅನುಕಂಪದ ಅಲೆ’ ಅನ್ನುವ ಪದ ರೆಡಿ ಇದೆ. ಆದರೆ ಲಿಯಮ್ ಗೆದ್ದಾಗ ಅಪ್ಪ ಅದೇ ಸದನದಲ್ಲಿ ಕೂತಿದ್ದರು! ಅಪ್ಪನದು ಕಾರ್ಕ್ ನಗರ, ಮಗನದು ಡಬ್ಲಿನ್ ಕೌಂಟಿ. ಹಾಗಾಗಿ ‘ಅಪ್ಪನ ಕ್ಷೇತ್ರ’ ಅನ್ನುವ ಮಾತೂ ಸಲ್ಲದು. ಅದು ಸಲ್ಲುವುದು ಮುಂದಿನ ತಲೆಮಾರಿಗೆ. 1981ರಲ್ಲಿ ಲಿಯಮ್ ನಿಲ್ಲಲಿಲ್ಲ. ಡನ್ ಲೇರಿಯಲ್ಲಿ ಮಗ ಲಿಯಮ್ ಟಿ. ನಿಂತು ಗೆದ್ದರು. ಇದಕ್ಕೆ ನಮ್ಮ ‘ಕ್ಷೇತ್ರ ಬಿಟ್ಟುಕೊಟ್ಟರು’ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಸ್ವಾರಸ್ಯ ಇದೆ. ಅಪ್ಪ ಕಾಸ್‌ಗ್ರೇವ್ ಸರ್ಕಾರದಲ್ಲಿ ವಿದೇಶಾಂಗ ಸಚಿವರಾಗಿದ್ದವರು ಡೆಸ್ಮಂಡ್ ಫಿಟ್ಸ್‌ಜೆರಾಲ್ಡ್. ಐವತ್ತು ವರ್ಷದ ಮೇಲೆ ಮಗ ಕಾಸ್‌ಗ್ರೇವ್ ಸರ್ಕಾರದಲ್ಲಿ ಅದೇ ಖಾತೆ ಸಿಕ್ಕಿದ್ದು ಡೆಸ್ಮಂಡರ ಮಗ ಗ್ಯಾರೆಟ್‌ಗೆ. ನಡುವೆ 1954ರಿಂದ 57ರವರೆಗೆ ಲಿಯಮ್ ಅವರೇ ಆ ಖಾತೆಯಲ್ಲಿದ್ದರು. ಐರ್ಲೆಂಡ್ ವಿಶ್ವಸಂಸ್ಥೆಗೆ ಸೇರಿದ್ದು ಆಗಲೇ, 1955ರಲ್ಲಿ. ಒಂದು ಮನೆ ಅಲ್ಲ, ಮನೆಗಳ ಗುಂಪೇ ಅಂತಾಯಿತು. ಇವರ ಪಕ್ಷದ ಹೆಸರು ಫಿನ ಗೇಲ್. ಐರಿಷ್ ನುಡಿಯಲ್ಲಿ ‘ಫಿನ’ ಅಂದರೆ ರಕ್ತಸಂಬಂಧಿಗಳ ಗುಂಪು, ಗೇಲರು ಅಂದರೆ ಆ ನುಡಿಯ ಜನ. ನಾನಾದರೆ ‘ಗೇಲರ ಬಳಗ’ ಅನ್ನುತ್ತೇನೆ. ಬಳಗ ಎಷ್ಟು ಸರಿಯಾಗಿ ಕೂತಿದೆ ನೋಡಿ!

ಎರಡನೇ ತೊಡಕು ಹುದ್ದೆಯ ಹೆಸರು. ಲಿಯಮ್ 1973ರಿಂದ 1977ರವರೆಗೆ ಲೇಬರ್ ಪಕ್ಷದ ಜೊತೆ ಸಮ್ಮಿಶ್ರ ಸರ್ಕಾರ ನಡೆಸಿದರು. ಅವರ ಹುದ್ದೆಗೆ ಅಲ್ಲಿ ‘ತೀಶಖ್’ ಅನ್ನುತ್ತಾರೆ. ಇಂಗ್ಲಿಷ್ ನೋಡಿಕೊಂಡು ‘ಟೀಶಕ್’ ಅಂತ ಬರೆಯಬೇಡಿ ಅಂತ ನನ್ನ ಕೋರಿಕೆ. ಐರಿಷ್‌ನ ಆ ಸದ್ದು ಹಲ್ಲಿಗೆ ನಾಲಿಗೆ ತಾಗುವ ನಮ್ಮ ತ. ಇಂಗ್ಲಿಷಿಗೆ ಆಗದ್ದು ನಮಗೆ ಸಲೀಸು. ಪದದ ಹಳೇ ಅರ್ಥ ಕುಲದ ನಾಯಕ, ಒಡೆಯ. ಹಾಗಂತ ‘ಐರ್ಲೆಂಡಿನ ಒಡೆಯ’ ಅಂದರೆ ಮೈಸೂರು ಅರಮನೆ ನೆನಪಾಗುತ್ತದೆ. ‘ಪ್ರಧಾನಿ’ ಸಾಕು, ಒಂದು ಸಲ ತೀಶಖ್ ಅಂತ ಹೇಳಿ ಮುಂದೆ ಹೋಗಬಹುದು.

ಅಪ್ಪನಿಗೆ ಮಾತ್ರ ಅದು ಹೊಂದುವುದಿಲ್ಲ. ತೀಶಖ್ ಹುದ್ದೆ ಹುಟ್ಟಿದ್ದೇ 1937ರ ಸಂವಿಧಾನದಿಂದ. (ನಮ್ಮ ಸಂವಿಧಾನದ ನಿರ್ದೇಶಕ ತತ್ವಗಳಿಗೆ ಮಾದರಿಯಾದದ್ದೂ ಅದೇ ಸಂವಿಧಾನ.) ಅಪ್ಪ ‘ಕಾರ್ಯಕಾರಿ ಮಂಡಳಿಯ ಅಧ್ಯಕ್ಷ’ರಾಗಿದ್ದರು. ಹೀಗೇ ಬರೆದರೆ ಓದುಗರು ಅವರನ್ನು ರಾಷ್ಟ್ರಪತಿ ಅಂದುಕೊಳ್ಳುತ್ತಾರೆ, ಇಲ್ಲವೇ ಯಾವುದೋ ಸಹಕಾರ ಸಂಘದ ಅಧ್ಯಕ್ಷ ಅಂತ. ‘ಸರ್ಕಾರದ ಮುಖ್ಯಸ್ಥ’ ಅಂತ ಮೇಲೆ ಜಾರಿಕೊಂಡಿದ್ದೇನೆ, ಗಮನಿಸಿರಬಹುದು. ರಾಷ್ಟ್ರಪತಿಗೆ ಅಲ್ಲಿ ‘ಉಅಖ್ತರಾನ್’ ಅನ್ನುತ್ತಾರೆ. ಅದರೊಳಗಿನ ‘ಉಅಖ್ತರ್’ ಅಂದರೆ ಮೇಲಿನ ಭಾಗ. ಹಾಲಿನ ಕೆನೆಗೂ ಅದೇ ಪದ. ಕೆನೆಪತಿ ಅನ್ನೋಣವೇ? ತಮಾಷೆಗೆ ಅಂದೆ.

ಉಪಪ್ರಧಾನಿಯ ಹೆಸರು ‘ತಾನಿಶ್ತೆ’. ಹಳೇ ಗೇಲಿಕ್ ಪದ್ಧತಿಯಲ್ಲಿ ಒಡೆಯ ಬದುಕಿರುವಾಗಲೇ ಅವನ ಬಂಧುಗಳೊಳಗೆ ಒಬ್ಬನನ್ನು ಮುಂದಿನ ಒಡೆಯ ಅಂತ ಆರಿಸುತ್ತಿದ್ದರು. ಅವನೇ ತಾನಿಶ್ತೆ. ಹಿರಿ ಮಗ ಅಂತ ಪಟ್ಟ ಇಲ್ಲ, ಆರಿಸಬೇಕು. ಆದರೆ ಮನೆಯೊಳಗೇ ಆರಿಸಬೇಕು. ನಮ್ಮ ‘ಯುವರಾಜ’ ಇದಕ್ಕೆ ಅರ್ಧ ಮಾತ್ರ ಸಾಟಿ.

ಮೂರನೆಯದು 1974ರ ಮತದಾನ. ಗರ್ಭನಿರೋಧಕಗಳ ಮಾರಾಟಕ್ಕೆ ಮಿತಿಯೊಳಗೆ ಅವಕಾಶ ಕೊಡುವ ಮಸೂದೆಯನ್ನು ಇವರ ಸರ್ಕಾರವೇ ತಂದಿತ್ತು. ಲಿಯಮ್ ಕಟ್ಟಾ ಕ್ಯಾಥೊಲಿಕ್. ಮುಂಚೆ ಸುಳಿವು ಕೊಡದೆ ಎದ್ದು ಹೋಗಿ ಮಸೂದೆಯ ವಿರುದ್ಧ ಮತ ಹಾಕಿದರು. ಮಸೂದೆ ಬಿತ್ತು. ‘ಅಡ್ಡ ಮತದಾನ’ ಅನ್ನಲು ಕೈ ಬರುತ್ತದೆ. ಆದರೆ ಪಕ್ಷ ವಿಪ್ ಹಾಕಿರಲಿಲ್ಲ, ಅವರವರ ಮನಸ್ಸಿಗೆ ಬಿಟ್ಟಿತ್ತು. ಅಡ್ಡ ಮತದಾನದಲ್ಲಿ ದ್ರೋಹದ ವಾಸನೆ ಇದೆ, ಅಲ್ವಾ? ‘ಆತ್ಮಸಾಕ್ಷಿಯ ಮತ’ ನನಗೆ ಸರಿ ಕಂಡಿದೆ. ತನ್ನದೇ ಸರ್ಕಾರವನ್ನು ಸೋಲಿಸಿದ ಪ್ರಧಾನಿಗೆ ಅದು ಮೆದುವಾಯಿತು ಅನ್ನುವವರೂ ಇರಬಹುದು.

ಕೊನೆಯದಕ್ಕೆ ನಿಮ್ಮ ಸಹಾಯ ನಿಜವಾಗಿ ಬೇಕು. 1977ರ ಮೇ ತಿಂಗಳಲ್ಲಿ ಪಕ್ಷದ ಸಮ್ಮೇಳನದಲ್ಲಿ ಲಿಯಮ್ ತಮ್ಮ ಟೀಕಾಕಾರರನ್ನು ‘ಬ್ಲೋ-ಇನ್’ಗಳು ಅಂತ ಜರೆದರು. ಐರ್ಲೆಂಡಿನ ಊರುಗಳಲ್ಲಿ ಹೊರಗಿನಿಂದ ಬಂದು ನೆಲೆಸಿದವರಿಗೆ ಹಾಗನ್ನುತ್ತಾರೆ, ಗಾಳಿ ಹೊತ್ತು ತಂದವರು ಅಂತ. ಅದೇ ಪದವನ್ನು ತಿರುಗಿಸಿ, ಅವರು ಬಂದ ಗಾಳಿಯಲ್ಲೇ ಹೋಗಲಿ, ಇಲ್ಲ ಸಿಡಿದು ಹೋಗಲಿ ಅನ್ನುವ ಅರ್ಥದಲ್ಲಿ ಗದರಿದರು. ‘ವಲಸಿಗರು’ ಅಂದರೆ ಸರ್ಕಾರಿ ಕಡತ. ‘ಹೊರಗಿನವರು’ ಅಂದರೆ ಕುಟುಕು ಇದೆ, ಗಾಳಿ ಇಲ್ಲ. ಸದ್ಯಕ್ಕೆ ‘ಗಾಳಿಗೆ ಬಂದ ಜೊಳ್ಳು ಗಾಳಿಗೇ ತೂರಿ ಹೋಗಲಿ’ ಅಂತ ಇಟ್ಟಿದ್ದೇನೆ. ಕಣದಲ್ಲಿ ರಾಗಿ ತೂರಿದವರಿಗೆ ತಟ್ಟನೆ ಹೊಳೆಯುತ್ತದೆ. ಸಿಡಿಯುವ ಮಾತು ಮಾತ್ರ ಬಿಟ್ಟುಹೋಗಿದೆ. ಜೂನ್ ಚುನಾವಣೆಯಲ್ಲಿ ಎದುರು ಪಕ್ಷ 148ರಲ್ಲಿ 84 ಸ್ಥಾನ ಗೆದ್ದಿತು. ಲಿಯಮ್ ನಾಯಕತ್ವ ಬಿಟ್ಟರು. ಅದು ಹೋದದ್ದು ಅದೇ ಫಿಟ್ಸ್‌ಜೆರಾಲ್ಡ್ ಮಗನ ಕೈಗೆ.

ಮೊದಲ ಸಾಲು ಈಗ ಹೀಗಿದೆ: ‘ಲಿಯಮ್ ಕಾಸ್‌ಗ್ರೇವ್ (1920–2017) ಐರ್ಲೆಂಡಿನ ಪ್ರಧಾನಿಯಾಗಿದ್ದವರು, ಮೂರು ತಲೆಮಾರು ರಾಜಕಾರಣ ಮಾಡಿದ ಮನೆಯವರು.’ ತನ ಕಿತ್ತು ಬರೀ ಮನೆ ಉಳಿಸಿದ್ದೇನೆ. ಅಕ್ಕ ಇದಕ್ಕೆ ಏನೂ ಅನ್ನಲಿಲ್ಲ. ಬೀದರ್ ಕಡೆಯವರಿಗೆ, ಮಂಗಳೂರು ಕಡೆಯವರಿಗೆ ಇದು ಹೇಗೆ ಕೇಳುತ್ತದೆ? ನಿಮ್ಮ ಕಡೆ ಇದಕ್ಕೆ ಬೇರೆ ಮಾತು ಇದ್ದರೆ, ಯಾವ ತಾಲ್ಲೂಕಿನ ಬಳಕೆ ಅಂತಲೂ ಸೇರಿಸಿ ಬರೆಯಿರಿ.